ನೇಪಾಳದ ವರ್ಕ್‌ಶಾಪ್‌ಗಳು ಮಾಡಿದ್ದನ್ನು ನಮ್ಮ ಜಿಲ್ಲೆಯೂ ಮಾಡಬಹುದು: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರು,
ಉತ್ತರ ಕನ್ನಡ ಜಿಲ್ಲೆ, ಇವರಿಗೆ

ವಿಷಯ: ಘಟ್ಟದ ಹಳ್ಳಗಳ ನೀರಿನಿಂದ ವಿದ್ಯುತ್ ತೆಗೆಯುವ ಕಿರು ಟರ್ಬೈನ್‌ಗಳ ತಯಾರಿಕೆ, ಪರೀಕ್ಷೆ ಮತ್ತು ದುರಸ್ತಿಗೆ ಜಿಲ್ಲೆಯೊಳಗೇ ವ್ಯವಸ್ಥೆ ಮಾಡುವ ಕುರಿತು.

ಮಾನ್ಯರೇ,

ಜಾಗತಿಕ ನಾವೀನ್ಯತಾ ಸೂಚ್ಯಂಕದಲ್ಲಿ 2015ರಲ್ಲಿ 81ನೇ ಸ್ಥಾನದಲ್ಲಿದ್ದ ಭಾರತ 2024ರಲ್ಲಿ 39ಕ್ಕೆ ಏರಿತು. ನೇಪಾಳ ಅದೇ ಪಟ್ಟಿಯಲ್ಲಿ ನೂರರ ಆಚೆ ಇದೆ. ನಮ್ಮ ದೇಶದ ಏರಿಕೆ ನಮಗೂ ಹೆಮ್ಮೆಯೇ. ಆದರೆ ಆ ಪಟ್ಟಿ ಪೇಟೆಂಟ್, ಸಂಶೋಧನೆಯ ವೆಚ್ಚ, ಹೈಟೆಕ್ ರಫ್ತು ಇಂಥವನ್ನು ಎಣಿಸುತ್ತದೆ. ಗುಡ್ಡದ ಊರೊಂದರಲ್ಲಿ ಕೆಟ್ಟುಹೋದ ಯಂತ್ರವನ್ನು ಅಲ್ಲೇ ಹತ್ತಿರದ ಲೇತ್‌ನಲ್ಲಿ ಸರಿಮಾಡಿ ಮರುದಿನ ತಿರುಗಿಸುವ ಶಕ್ತಿಯನ್ನು ಅದು ಎಣಿಸುವುದಿಲ್ಲ. ಆ ಲೆಕ್ಕದಲ್ಲಿ, ಕಿರು ಜಲವಿದ್ಯುತ್ತಿನ ಮಟ್ಟಿಗೆ, ನೇಪಾಳ ನಮಗಿಂತ ಬಹಳ ಮುಂದಿದೆ. ಅವರು ಮಾಡಿದ್ದೇನು, ನಮ್ಮಲ್ಲಿ ತಪ್ಪುತ್ತಿರುವುದೆಲ್ಲಿ, ತಾವು ಏನು ಮಾಡಿಸಬಹುದು ಎಂಬುದನ್ನು ಹೇಳಲು ಈ ಪತ್ರ.

ಕಾಳಿ ನದಿಯ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ, ಶರಾವತಿಯ ಗೇರುಸೊಪ್ಪ, ಜೊತೆಗೆ ಕೈಗಾ. ಇಷ್ಟೆಲ್ಲ ವಿದ್ಯುತ್ ಕೇಂದ್ರಗಳಿಗೆ ಜಾಗ ಕೊಟ್ಟ ಜಿಲ್ಲೆ ನಮ್ಮದು. ಆದರೂ ಜೋಯಿಡಾ, ಯಲ್ಲಾಪುರ, ಸಿದ್ದಾಪುರ, ಶಿರಸಿಯ ಒಳ ಊರುಗಳಲ್ಲಿ ಆಷಾಢದ ಗಾಳಿಗೆ ಒಂದು ಮರ ಲೈನಿನ ಮೇಲೆ ಬಿದ್ದರೆ ದಿನಗಟ್ಟಲೆ ಕರೆಂಟಿಲ್ಲ. ಚಾವಣಿಯ ಸೋಲಾರ್ ಕೂಡ ಆ ತಿಂಗಳುಗಳಲ್ಲೇ ಸೋಲುತ್ತದೆ. ಹಳ್ಳಗಳು ಮಾತ್ರ ಅದೇ ಹೊತ್ತಿಗೆ ತುಂಬಿ ಹರಿಯುತ್ತವೆ. ಗುಡ್ಡದಿಂದ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರನ್ನು ಮನೆಯಂಗಳಕ್ಕೆ ಇಳಿಸಿಕೊಂಡು ಬದುಕಿದ ಜನ ನಾವು. ನೀರಿನ ಇಳಿಜಾರು ಎಲ್ಲಿದೆ ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

ನೇಪಾಳದಲ್ಲಿ ಈ ಕೆಲಸ ಶುರುವಾದದ್ದು ವರ್ಕ್‌ಶಾಪ್‌ಗಳಿಂದ. 1960ರಲ್ಲಿ ಸ್ವಿಟ್ಜರ್ಲೆಂಡಿನ ನೆರವಿನಿಂದ ಕಠ್ಮಂಡುವಿನಲ್ಲಿ ಬಾಲಾಜು ಯಂತ್ರಶಾಲಾ, 1963ರಲ್ಲಿ ನಾರ್ವೆಯ ಎಂಜಿನಿಯರ್ ಓಡ್ ಹಾಫ್ಟುನ್ ಅವರ ಮುಂದಾಳತ್ವದಲ್ಲಿ ಬುಟವಲ್ ತಾಂತ್ರಿಕ ಸಂಸ್ಥೆ ಹುಟ್ಟಿದವು. ಅಲ್ಲಿ ತಯಾರಾದ ಮೊದಲ ಟರ್ಬೈನ್‌ಗಳ ಮುಖ್ಯ ಕೆಲಸ ದೀಪ ಉರಿಸುವುದಾಗಿರಲಿಲ್ಲ. ಅವು ಹಿಟ್ಟಿನ ಗಿರಣಿ, ಭತ್ತದ ಗಿರಣಿ, ಎಣ್ಣೆ ಗಾಣ ತಿರುಗಿಸಿದವು. ಹಗಲು ಗಿರಣಿಯಿಂದ ದುಡ್ಡು. ರಾತ್ರಿ ಅದೇ ಶಾಫ್ಟಿಗೆ ಬೆಲ್ಟ್ ಹಾಕಿ ಜನರೇಟರ್ ತಿರುಗಿಸಿದರೆ ಊರಿಗೆ ಬೆಳಕು. ಕೃಷಿ ಅಭಿವೃದ್ಧಿ ಬ್ಯಾಂಕಿನ ಸಾಲ ಗಿರಣಿಯ ಆದಾಯದಿಂದ ತೀರುತ್ತಿತ್ತು. ಈ ಅನುಕ್ರಮವೇ ಅವರ ದೊಡ್ಡ ಜಾಣತನ ಎಂದು ನಮ್ಮ ಅಭಿಪ್ರಾಯ. ಯಂತ್ರ ದುಡಿದು ತನ್ನ ಖರ್ಚು ತಾನೇ ತೆಗೆಯುವಂತಿದ್ದರೆ ಅದನ್ನು ರಿಪೇರಿ ಮಾಡಿಸುವವರು ಇದ್ದೇ ಇರುತ್ತಾರೆ.

ಮುಂದೆ ಕಠ್ಮಂಡು ಮೆಟಲ್ ಇಂಡಸ್ಟ್ರೀಸ್‌ನ ಅಕ್ಕಲ್ ಮಾನ್ ನಕರ್ಮಿ ಅವರು ಪೆಲ್ಟ್ರಿಕ್ ಸೆಟ್ ರೂಪಿಸಿದರು. ಲಂಬವಾಗಿ ನಿಲ್ಲಿಸಿ ಜನರೇಟರ್ ಆಗಿ ಬಳಸುವ ಸಾಮಾನ್ಯ ಇಂಡಕ್ಷನ್ ಮೋಟಾರು, ಅದರ ಶಾಫ್ಟಿಗೇ ನೇರವಾಗಿ ಕೂರಿಸಿದ ಸಣ್ಣ ಪೆಲ್ಟನ್ ಚಕ್ರ (ಅಂಚಿನ ಬಕೆಟುಗಳಿಗೆ ನೀರಿನ ಧಾರೆ ಹೊಡೆದು ತಿರುಗುವ ಚಕ್ರ), ಸುತ್ತ ಕಬ್ಬಿಣದ ಕವಚ, ವೋಲ್ಟೇಜ್ ಎಬ್ಬಿಸಲು ಕೆಪಾಸಿಟರ್ ಪೆಟ್ಟಿಗೆ. ಬೆಲ್ಟ್ ಇಲ್ಲ, ಗೇರ್ ಇಲ್ಲ. ಹೊತ್ತುಕೊಂಡು ಗುಡ್ಡ ಹತ್ತಬಹುದು. ಹಳೆಯ ನೀರಿನ ಗಿರಣಿಗಳ ಮರದ ಚಕ್ರದ ಬದಲು ಲೋಹದ ಚಕ್ರ ಕೂರಿಸಿದ ಸೆಂಟರ್ ಫಾರ್ ರೂರಲ್ ಟೆಕ್ನಾಲಜಿ ಸಂಸ್ಥೆಗೆ 2007ರಲ್ಲಿ, ಹಸಿರು ಇಂಧನದ ಕೆಲಸಕ್ಕೆ ಬ್ರಿಟನ್ನಿನಲ್ಲಿ ಕೊಡುವ ಆಶ್ಡೆನ್ ಪ್ರಶಸ್ತಿ ಬಂತು. ಸರ್ಕಾರವೂ ಅಡ್ಡ ಬರಲಿಲ್ಲ. 1984ರಲ್ಲಿ 100 ಕಿಲೋವ್ಯಾಟ್‌ವರೆಗಿನ ಘಟಕಗಳಿಗೆ ಲೈಸೆನ್ಸ್ ಬೇಡವೆಂದಿತು, 1992ರ ಕಾಯ್ದೆಯಲ್ಲಿ ಆ ಮಿತಿಯನ್ನು 1000 ಕಿಲೋವ್ಯಾಟ್‌ಗೆ ಏರಿಸಿತು. 1996ರಲ್ಲಿ ಬಂದ ಪರ್ಯಾಯ ಇಂಧನ ಪ್ರವರ್ಧನ ಕೇಂದ್ರ, ಘಟಕ ಹೇಳಿದಷ್ಟು ವಿದ್ಯುತ್ ಕೊಡುತ್ತಿದೆಯೇ ಎಂದು ಸ್ಥಳದಲ್ಲೇ ಅಳೆದು ನೋಡಿ ಸಬ್ಸಿಡಿ ಕೊಡುವ ಪದ್ಧತಿ ತಂದಿತು.

ಶ್ರೀಲಂಕಾದಿಂದ ಕಲಿಯಬೇಕಾದದ್ದು ಬೇರೆ. ಅಲ್ಲಿ 1990ರ ದಶಕದಿಂದ ಊರಿನ ವಿದ್ಯುತ್ ಬಳಕೆದಾರರ ಸಂಘಗಳೇ ಘಟಕಗಳ ಒಡೆಯರಾದವು. ಗ್ರಾಹಕರೇ ಸದಸ್ಯರು, ಅವರೇ ಶುಲ್ಕ ನಿಗದಿ ಮಾಡುವವರು. ವ್ಯವಸ್ಥೆ ಚೆನ್ನಾಗಿತ್ತು. ಆದರೆ ಮುಖ್ಯ ಗ್ರಿಡ್ ಊರು ತಲುಪಿದ ಮೇಲೆ ಎಷ್ಟೋ ಘಟಕಗಳು ಪಾಳುಬಿದ್ದವು, ಏಕೆಂದರೆ ಅವನ್ನು ಗ್ರಿಡ್‌ಗೆ ಜೋಡಿಸುವ ದಾರಿಯನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ. ನೇಪಾಳ ಇದನ್ನು ತಡವಾಗಿಯಾದರೂ ಬಿಡಿಸಿಕೊಂಡಿತು: ಬಾಗ್ಲುಂಗ್ ಜಿಲ್ಲೆಯಲ್ಲಿ ಒಟ್ಟು 107 ಕಿಲೋವ್ಯಾಟ್‌ನ ಆರು ಘಟಕಗಳನ್ನು 11 ಕೆವಿ ಲೈನಿನಿಂದ ಒಂದಕ್ಕೊಂದು ಜೋಡಿಸಿದರು, 2018ರಲ್ಲಿ ನುವಾಕೋಟ್‌ನ ಸ್ಯಾವ್ರೇಭೂಮಿಯ 23 ಕಿಲೋವ್ಯಾಟ್ ಘಟಕವನ್ನು ರಾಷ್ಟ್ರೀಯ ಗ್ರಿಡ್‌ಗೆ ಸೇರಿಸಿದರು. ನಮ್ಮ ಬಹುತೇಕ ಮನೆಗಳಿಗೆ ಹೆಸ್ಕಾಂ ಲೈನು ಈಗಾಗಲೇ ಇದೆ. ಹಾಗಾಗಿ ಶ್ರೀಲಂಕಾ ಕೊನೆಗೆ ಎದುರಿಸಿದ ಪ್ರಶ್ನೆಯಿಂದಲೇ ನಾವು ಶುರುಮಾಡಬೇಕು.

ಈಗ ನಮ್ಮ ಜಿಲ್ಲೆಯ ಲೆಕ್ಕ. 40 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಲೀಟರ್ ನೀರು ಇಳಿದರೆ ಅದರಲ್ಲಿರುವ ಶಕ್ತಿ 9.81 × 40 × 5, ಅಂದರೆ ಸುಮಾರು 1960 ವ್ಯಾಟ್. ಪೈಪು, ಚಕ್ರ, ಮೋಟಾರು ಎಲ್ಲದರ ನಷ್ಟ ಕಳೆದು ಅರ್ಧ ಸಿಕ್ಕರೂ ಒಂದು ಕಿಲೋವ್ಯಾಟ್. ದಿನವಿಡೀ ತಿರುಗಿದರೆ 24 ಯೂನಿಟ್. ಜೂನ್‌ನಿಂದ ಡಿಸೆಂಬರ್‌ವರೆಗೆ ಇಷ್ಟು ನೀರಿರುವ ಹಳ್ಳಗಳು ಘಟ್ಟದಲ್ಲಿ ಬೇಕಾದಷ್ಟಿವೆ.

ಮೊದಲ ತಪ್ಪು ಆಗುವುದು ಪೈಪಿನಲ್ಲಿ. ಟರ್ಬೈನ್‌ಗೆ ಸಬ್ಸಿಡಿ ಸಿಕ್ಕರೂ ಪೈಪು ಸ್ವಂತ ಖರ್ಚು. ದುಡ್ಡು ಉಳಿಸಲು ತೋಟದ ಎರಡು ಇಂಚಿನ ಪೈಪನ್ನೇ ಹಾಕುತ್ತಾರೆ. 200 ಮೀಟರ್ ಉದ್ದದ ಎರಡು ಇಂಚಿನ ಪೈಪಿನಲ್ಲಿ 5 ಲೀಟರ್ ಹರಿಸಿದರೆ ಘರ್ಷಣೆಗೇ ಸುಮಾರು 24 ಮೀಟರ್ ಎತ್ತರ ಹೋಗುತ್ತದೆ, ಕೈಗೆ ಉಳಿಯುವುದು 16. ಮೂರು ಇಂಚಿನ ಪೈಪಿನಲ್ಲಿ ಹೋಗುವುದು ಮೂರೂವರೆ ಮೀಟರ್ ಮಾತ್ರ. ಆಮೇಲೆ ಮನೆಯವರು ಬೈಯುವುದು ಟರ್ಬೈನನ್ನು. ಬಿಸಿಲಿಗೆ ಬಿಟ್ಟ ಪಿವಿಸಿ ಕೆಲವೇ ವರ್ಷದಲ್ಲಿ ಪೆಡಸಾಗಿ ಒಡೆಯುತ್ತದೆ, ಹೂಳಲೇಬೇಕು. ಪೈಪಿನ ತಲೆಯಲ್ಲಿ ಗಾಳಿ ಕೊಳವೆ ಇಡದಿದ್ದರೆ, ಬಾಯಿಗೆ ಎಲೆ ಕಟ್ಟಿಕೊಂಡ ಹೊತ್ತಿನಲ್ಲಿ ಒಳಗೆ ನಿರ್ವಾತವಾಗಿ ಪೈಪು ಚಪ್ಪಟೆಯಾಗುತ್ತದೆ. ಕೆಳಗಿನ ವಾಲ್ವನ್ನು ಗಬಕ್ಕನೆ ಮುಚ್ಚಿದರೆ ನೀರಿನ ಹೊಡೆತಕ್ಕೆ ಜಾಯಿಂಟು ಬಿಚ್ಚುತ್ತದೆ.

ನಮ್ಮ ಕಾಡಿನ ಹಳ್ಳದಲ್ಲಿ ದರಕಲೆ, ಅಂದರೆ ಉದುರಿದ ಒಣ ಎಲೆ, ಬಹಳ. ನಿಂತ ಜಾಲರಿ ಒಂದೇ ರಾತ್ರಿಯಲ್ಲಿ ಕಟ್ಟಿಕೊಳ್ಳುತ್ತದೆ. ನೀರು ಮೇಲಿಂದ ಬಿದ್ದು ಜಾಲರಿಯೊಳಗೆ ಇಳಿದು, ಎಲೆ ಜಾರಿ ಮುಂದೆ ಹೋಗುವಂತೆ ಅದನ್ನು ಓರೆಯಾಗಿ ಕೂರಿಸಬೇಕು. ಮೊದಲ ಮಳೆಯ ಕೆಂಪು ರಾಡಿಯಲ್ಲಿರುವ ಮರಳು, ನೀರಿನ ಧಾರೆ ಚಿಮ್ಮುವ ನಳಿಗೆಯನ್ನೂ ಚಕ್ರದ ಬಕೆಟನ್ನೂ ತೇಯುತ್ತದೆ, ಅದಕ್ಕೆ ಮರಳು ತಂಗುವ ಸಣ್ಣ ತೊಟ್ಟಿ ಬೇಕು.

ಚಕ್ರದ ಅಳತೆಯಲ್ಲಿ ಅಂದಾಜು ನಡೆಯುವುದಿಲ್ಲ. 40 ಮೀಟರ್ ಎತ್ತರದಲ್ಲಿ ನಳಿಗೆಯಿಂದ ನೀರು ಸೆಕೆಂಡಿಗೆ 27 ಮೀಟರ್ ವೇಗದಲ್ಲಿ ಹೊರಡುತ್ತದೆ. ಪೆಲ್ಟನ್ ಬಕೆಟು ಅದರ ಅರ್ಧಕ್ಕಿಂತ ತುಸು ಕಡಿಮೆ ವೇಗದಲ್ಲಿ ಓಡಬೇಕು. ನಾಲ್ಕು ಪೋಲಿನ ಮೋಟಾರು ನಿಮಿಷಕ್ಕೆ ಸುಮಾರು 1500 ಸುತ್ತು ತಿರುಗಬೇಕಾದರೆ ಬಕೆಟುಗಳ ವೃತ್ತದ ವ್ಯಾಸ 16 ಸೆಂಟಿಮೀಟರ್, ನಳಿಗೆಯ ಬಾಯಿ 15ರಿಂದ 16 ಮಿಲಿಮೀಟರ್. ಅದೇ ಚಕ್ರವನ್ನು 20 ಮೀಟರ್ ಇಳಿಜಾರಿಗೆ ಕೂರಿಸಿದರೆ ವೋಲ್ಟೇಜೇ ಏಳುವುದಿಲ್ಲ. ಹೊರಗಿನ ಊರಿನಿಂದ ಒಂದೇ ಅಳತೆಯ ಸೆಟ್ ತಂದು ಎಲ್ಲ ಹಳ್ಳಗಳಿಗೂ ಕೂರಿಸುವ ಪದ್ಧತಿ ಸೋಲುವುದು ಇದಕ್ಕೇ.

ಮೋಟಾರು ಜನರೇಟರ್ ಆಗಲು ಬೇಕಾದ ಕೈಗಳು ಪಂಪ್‌ಸೆಟ್ ರಿವೈಂಡಿಂಗ್ ಮಾಡುವ ನಮ್ಮ ಪೇಟೆಗಳ ಅಂಗಡಿಗಳಲ್ಲೇ ಇವೆ. 2 ಎಚ್‌ಪಿ ತ್ರೀಫೇಸ್ ಮೋಟಾರಿನ ಸ್ಟಾರ್ ಜೋಡಣೆ (ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಬಿಂದುವಿಗೆ ಸೇರಿದ್ದು) ಬಿಚ್ಚಿ ಡೆಲ್ಟಾ (ತ್ರಿಕೋನದಂತೆ ಸೇರಿಸಿದ್ದು) ಮಾಡಬೇಕು. ಆರು ತುದಿಗಳೂ ಹೊರಗಿಲ್ಲದಿದ್ದರೆ ಒಳಗಿನ ಸ್ಟಾರ್ ಪಾಯಿಂಟ್ ಬಿಚ್ಚಿ ತುದಿ ಹೊರತರಬೇಕು. ಒಂದು ಫೇಸಿಗೆ ಒಂದು ಪಾಲು, ಇನ್ನೊಂದಕ್ಕೆ ಎರಡು ಪಾಲು ಕೆಪಾಸಿಟರ್ ಹಾಕಿ, ಮೂರನೆಯದನ್ನು ಖಾಲಿ ಬಿಟ್ಟು, ಒಂದು ಪಾಲು ಹಾಕಿದ ಫೇಸಿನಿಂದ ಮನೆಗೆ 230 ವೋಲ್ಟ್ ಸಿಂಗಲ್ ಫೇಸ್ ತೆಗೆಯಬಹುದು. ಮೋಟಾರಿನ ಸಾಮರ್ಥ್ಯದ ಸುಮಾರು 80 ಶೇಕಡಾ ಸಿಗುತ್ತದೆ. ಎರಡು ಪಾಲಿನ ಕೆಪಾಸಿಟರ್ ತಪ್ಪು ಫೇಸಿಗೆ ಬಿದ್ದರೆ ಕರೆಂಟು ಅಸಮವಾಗಿ ವೈಂಡಿಂಗ್ ಸುಡುತ್ತದೆ. ಮೋಟಾರು ಶುರುವಾಗುವ ಕ್ಷಣಕ್ಕಷ್ಟೇ ಇರುವ ಸ್ಟಾರ್ಟ್ ಕೆಪಾಸಿಟರ್ ಬಳಸಲೇಬಾರದು, ಸದಾ ಕೆಲಸ ಮಾಡುವ ರನ್ ಕೆಪಾಸಿಟರೇ ಆಗಬೇಕು. ಬಹುದಿನ ನಿಂತ ಮೋಟಾರು ಉಳಿಕೆ ಕಾಂತತ್ವ ಕಳೆದುಕೊಂಡು ವೋಲ್ಟೇಜ್ ಕೊಡದೇ ಹೋದರೆ, ನಿಲ್ಲಿಸಿದ ಸ್ಥಿತಿಯಲ್ಲಿ 12 ವೋಲ್ಟ್ ಬ್ಯಾಟರಿಯನ್ನು ಕೆಲವು ಸೆಕೆಂಡು ತಾಗಿಸಿದರೆ ಸಾಕು. ಇಷ್ಟು ತಿಳಿಯದೆ ಇಡೀ ಸೆಟ್ ಮೂಲೆ ಸೇರುವುದಿದೆ.

ಮನೆಯಲ್ಲಿ ದೀಪ ಆರಿಸಿದಾಗ ಚಕ್ರದ ವೇಗ ಏರಿ ವೋಲ್ಟೇಜ್ ಹಾರದಂತೆ, ಉಳಿದ ಕರೆಂಟನ್ನು ನೀರು ಕಾಯಿಸುವ ಕಾಯಿಲಿಗೆ ತಿರುಗಿಸುವ ಲೋಡ್ ಕಂಟ್ರೋಲರ್ ಬೇಕು. ಸಿಡಿಲಿಗೆ ಮೊದಲು ಸುಡುವುದು ಇದೇ. ಮುಂಗಾರು ಪೂರ್ವದ ಗುಡುಗಿನ ದಿನಗಳಲ್ಲೂ ಅಕ್ಟೋಬರ್‌ನಲ್ಲೂ ಸಿಡಿಲಿನ ಕಾಟ ಹೆಚ್ಚು. ತಂತಿಯ ಎರಡೂ ತುದಿಯಲ್ಲಿ ಸಿಡಿಲಿನ ಹೊಡೆತ ತಡೆಯುವ ಸರ್ಜ್ ಅರೆಸ್ಟರ್ ಮತ್ತು ಒಳ್ಳೆಯ ಅರ್ಥಿಂಗ್ ಇರಬೇಕು, ಮುರಕಲ್ಲಿನ ನೆಲದಲ್ಲಿ ಬರಿಯ ರಾಡ್ ಸಾಲದು. ಶಾಫ್ಟಿನ ಗುಂಟ ನೀರು ಹತ್ತಿ ಬೇರಿಂಗ್ ಹಾಳಾಗುವುದು ಇನ್ನೊಂದು ಸಾಮಾನ್ಯ ರೋಗ. ಶಾಫ್ಟಿನ ಗುಂಟ ನೀರು ಬಾರದಂತೆ ತಡೆಯುವುದು ಬೈತಕೋಲ್, ತದಡಿ ಬಂದರುಗಳಲ್ಲಿ ಬೋಟಿನ ಪ್ರೊಪೆಲ್ಲರ್ ಶಾಫ್ಟ್ ಕೂರಿಸುವವರ ದಿನದ ಕೆಲಸ. ಬಕೆಟ್ ಎರಕಕ್ಕೆ ಬೆಳಗಾವಿಯ ಫೌಂಡ್ರಿಗಳು ದೂರವಿಲ್ಲ. ಕರಾವಳಿಯ ಈ ಕೈಗಳಿಗೂ ಘಟ್ಟದ ಮೇಲಿನ ಹಳ್ಳಗಳಿಗೂ ಇವತ್ತಿನವರೆಗೆ ಯಾರೂ ಸಂಬಂಧ ಕಲ್ಪಿಸಿಲ್ಲ. ನಮಗೂ ನೇಪಾಳಕ್ಕೂ ಇರುವ ಅಂತರ ಇಷ್ಟೇ ಎಂದು ನಾವು ನಂಬಿದ್ದೇವೆ.

ಆದ್ದರಿಂದ ನಮ್ಮ ಕೋರಿಕೆಗಳು ಇವು.

ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಒಂದು ಪರೀಕ್ಷಾ ಮೇಜು ಮಾಡಿಸಿ. 5 ಎಚ್‌ಪಿ ಪಂಪು, ಒಂದು ತೊಟ್ಟಿ, ಪ್ರೆಷರ್ ಗೇಜ್, 90 ಡಿಗ್ರಿಯ ವಿ-ನಾಚ್ ತಗಡು (ಹರಿವು ಅಳೆಯಲು ‘V’ ಆಕಾರದ ಕಚ್ಚು ಕತ್ತರಿಸಿದ ತಗಡು), ಹೀಟರ್ ಲೋಡುಗಳು ಇದ್ದರೆ 40 ಮೀಟರ್‌ನ ಹಳ್ಳವನ್ನು ಕಾಲೇಜಿನೊಳಗೇ ಸೃಷ್ಟಿಸಬಹುದು. ಅಲ್ಲಿ ಪಾಸಾಗದ ಸೆಟ್ಟಿಗೆ ಸಬ್ಸಿಡಿ ಬೇಡ. 20, 40, 60 ಮೀಟರ್ ಎತ್ತರಗಳಿಗೆ ಮೂರು ವಿನ್ಯಾಸ ಸಿದ್ಧಪಡಿಸಿ, ಡ್ರಾಯಿಂಗ್‌ಗಳನ್ನು ಯಾವ ಲೇತ್ ಅಂಗಡಿಯಾದರೂ ಬಳಸುವಂತೆ ಬಹಿರಂಗಗೊಳಿಸಬೇಕು. ರಿವೈಂಡಿಂಗ್ ಮಾಡುವವರಿಗೆ ಐಟಿಐಗಳಲ್ಲಿ ಮೇಲಿನ ಜೋಡಣೆಯ ತರಬೇತಿ ಕೊಡಿಸಬೇಕು; ಪಂಪಿನ ಕೆಲಸ ಬಲ್ಲವರು ಇದನ್ನು ಬೇಗ ಹಿಡಿಯುತ್ತಾರೆ.

ಸಬ್ಸಿಡಿಯಲ್ಲಿ ಪೈಪು ಮತ್ತು ತೊಟ್ಟಿಯ ಖರ್ಚು ಸೇರಲಿ. ಕೊನೆಯ ಕಂತು ಒಂದು ಪೂರ್ತಿ ಮಳೆಗಾಲ ಕಳೆದು, ಸ್ಥಳದಲ್ಲಿ ವಿದ್ಯುತ್ ಅಳೆದ ಮೇಲೆಯೇ ಬಿಡುಗಡೆಯಾಗಲಿ.

ಕಾನೂನಿನ ಗಂಟು ಅರಣ್ಯದ್ದು. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಉತ್ಪಾದನೆಗೆ ಲೈಸೆನ್ಸ್ ಬೇಡ. ಆದರೆ ಪೈಪು ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರುವ ಅರಣ್ಯ ಭೂಮಿ) ದಾಟಿದ ಕೂಡಲೇ ಕಡತ ನಿಲ್ಲುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2) ಸರ್ಕಾರ ನಿರ್ವಹಿಸುವ ಸೌಲಭ್ಯಗಳಿಗೆ, ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಕೊಡಲು ಅವಕಾಶ ಕೊಟ್ಟಿದೆ. ಆ ಪಟ್ಟಿಯಲ್ಲಿ ನೀರಿನ ಪೈಪುಗಳೂ ಅಸಾಂಪ್ರದಾಯಿಕ ಇಂಧನ ಮೂಲಗಳೂ ಇವೆ. ಪಂಚಾಯತಿ ಒಡೆತನದ ಘಟಕಗಳಿಗೆ ಈ ದಾರಿ ಬಳಸುವಂತೆ ಜಿಲ್ಲಾಡಳಿತಕ್ಕೂ ಅರಣ್ಯ ಇಲಾಖೆಗೂ ಸೂಚನೆ ಕೊಡಿ. ಕಡು ಬೇಸಿಗೆಯಲ್ಲಿ ಹಳ್ಳದ ನೀರನ್ನು ಮೀನಿಗೂ ಕೆಳಗಿನ ತೋಟಗಳಿಗೂ ಬಿಟ್ಟು ಟರ್ಬೈನ್ ನಿಲ್ಲಿಸಬೇಕೆಂಬ ಷರತ್ತು ಅನುಮತಿಯಲ್ಲೇ ಇರಲಿ. ಒಡ್ಡು ಮೊಣಕಾಲೆತ್ತರ ಮೀರಬೇಕಿಲ್ಲ. ಕಣಿವೆ ಮುಳುಗಿಸುವ ಯೋಜನೆಗಳ ನೋವು ಉಂಡ ಜಿಲ್ಲೆಯಲ್ಲಿ ಇದನ್ನು ಬರೆದೇ ಹೇಳಬೇಕು.

ಹೆಸ್ಕಾಂ ಜೊತೆಗಿನ ಮಾತು ಎಲ್ಲಕ್ಕಿಂತ ಎಚ್ಚರದ್ದು. ಕೆಪಾಸಿಟರ್ ಇರುವ ಜನರೇಟರ್ ಲೈನಿಗೆ ತಾಗಿದ್ದರೆ, ಸಬ್‌ಸ್ಟೇಷನ್‌ನಲ್ಲಿ ಕರೆಂಟು ತೆಗೆದರೂ ಅದು ತಾನಾಗಿ ವೋಲ್ಟೇಜ್ ಎಬ್ಬಿಸಿ ಕಂಬದ ಮೇಲಿರುವ ಲೈನ್‌ಮನ್ ಜೀವ ತೆಗೆಯಬಹುದು. ಟರ್ಬೈನನ್ನು ಗ್ರಿಡ್‌ಗೆ ಜೋಡಿಸದ ಮನೆಗಳಲ್ಲಿ ಫೇಸ್, ನ್ಯೂಟ್ರಲ್ ಎರಡನ್ನೂ ಕತ್ತರಿಸುವ ಚೇಂಜ್‌ಓವರ್ ಸ್ವಿಚ್ ಕಡ್ಡಾಯವಾಗಲಿ. ಜೋಡಿಸುವವರಿಗೆ, ಲೈನು ಸತ್ತ ಕ್ಷಣ ತಾನೂ ಕಳಚಿಕೊಳ್ಳುವ ಇನ್ವರ್ಟರ್ ಮೂಲಕ, ಸೋಲಾರ್ ಚಾವಣಿಗೆ ಇರುವಂಥ ನೆಟ್ ಮೀಟರಿಂಗ್ (ಲೈನಿಗೆ ಕೊಟ್ಟ ಕರೆಂಟನ್ನು ಬಿಲ್ಲಿನಲ್ಲಿ ಕಳೆಯುವ ಪದ್ಧತಿ) ಕೊಡುವಂತೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ತಾವು ಪ್ರಸ್ತಾವ ಇಡಬೇಕು.

ಇವೆಲ್ಲಕ್ಕೂ ಮೊದಲು, ಹೆಚ್ಚು ಖರ್ಚಿಲ್ಲದೆ ಈ ವರ್ಷವೇ ಆಗಬಹುದಾದ ಕೆಲಸವೊಂದಿದೆ. ಘಟ್ಟದ ಪ್ರತಿ ಗ್ರಾಮ ಪಂಚಾಯತಿಯೂ ತನ್ನ ಎರಡು ಹಳ್ಳಗಳಲ್ಲಿ ವಿ-ನಾಚ್ ತಗಡು ಕೂರಿಸಿ, ತಿಂಗಳಿಗೊಮ್ಮೆ ನೀರಿನ ಎತ್ತರ ಬರೆದಿಡಲಿ. ನಾಚಿನ ಮೂಲೆಯಿಂದ ನೀರು 8 ಸೆಂಟಿಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಎರಡೂವರೆ ಲೀಟರ್, ಹತ್ತೂವರೆ ಇದ್ದರೆ 5 ಲೀಟರ್, 15 ಇದ್ದರೆ 12 ಲೀಟರ್. ಅಳತೆ ತಗಡಿನ ಬಾಯಲ್ಲಿ ಬೇಡ, ಅಲ್ಲಿ ನೀರು ಬಾಗಿ ಇಳಿಯುತ್ತದೆ. ಅರ್ಧ ಮೀಟರ್ ಹಿಂದೆ ಗೂಟ ನೆಟ್ಟು ಅಳೆಯಬೇಕು. ಮಳೆಗಾಲದಲ್ಲಿ ಮಾತ್ರ ಅಳೆದ ಲೆಕ್ಕ ಉಪಯೋಗಕ್ಕೆ ಬಾರದು, ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಅಂಕಿಗಳೇ ಮುಖ್ಯ. ಆ ಪುಸ್ತಕ ಪಂಚಾಯತಿ ಕಚೇರಿಯಲ್ಲಿ ಯಾರು ಕೇಳಿದರೂ ನೋಡಲು ಸಿಗುವಂತಿರಲಿ. ತಗಡು ಕತ್ತರಿಸುವ ಅಳತೆಪಟ್ಟಿ, ಕೂರಿಸುವ ವಿಧಾನ ಎರಡನ್ನೂ ಬರೆದುಕೊಡಲು, ಮೊದಲ ಹತ್ತು ಹಳ್ಳಗಳಿಗೆ ಬಂದು ಕೂರಿಸಿಕೊಡಲು ನಾವು ಸಿದ್ಧರಿದ್ದೇವೆ. ತಮ್ಮ ಕಚೇರಿಯಿಂದ ಪಂಚಾಯತಿಗಳಿಗೆ ಒಂದು ಸುತ್ತೋಲೆ ಹೊರಡಬೇಕು, ಅಷ್ಟೇ.

ಇತಿ ತಮ್ಮ ವಿಶ್ವಾಸಿಗಳು,
ಶಿರಸಿ, ಸಿದ್ದಾಪುರ, ಯಲ್ಲಾಪುರ ಭಾಗದ ಕಿರು ಜಲವಿದ್ಯುತ್ ಕೆಲಸಗಾರರು