ಭಾನುವಾರ ಸಂಜೆ: ಕನಾಯೆವಾ ಆಟ ನೋಡೋಣ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ನಮ್ಮ ಆನ್‌ಲೈನ್ ಕೂಟದಲ್ಲಿ ರಷ್ಯಾದ ರಿದಮಿಕ್ ಜಿಮ್ನಾಸ್ಟ್ (ಸಂಗೀತಕ್ಕೆ ತಕ್ಕಂತೆ ರಿಬ್ಬನ್, ಚೆಂಡಿನಂಥ ಸಾಧನ ಹಿಡಿದು ಆಡುವ ಜಿಮ್ನಾಸ್ಟ್) ಯೆವ್ಗೆನಿಯಾ ಕನಾಯೆವಾ ಅವರ ಹಳೆಯ ವಿಡಿಯೊಗಳನ್ನು ನೋಡುತ್ತೇವೆ. ಮಕ್ಕಳನ್ನೂ ಕೂರಿಸಿಕೊಳ್ಳಿ.

ಮೊದಲು 2008ರ ಬೀಜಿಂಗ್ ಒಲಿಂಪಿಕ್ಸ್. ಆಗ ಓಮ್ಸ್ಕ್‌ನ ಈ ಹುಡುಗಿಗೆ ಬರೀ 18 ವರ್ಷ, ಆದರೂ ಎರಡನೇ ಸ್ಥಾನದವರಿಗಿಂತ 3.5 ಅಂಕಕ್ಕೂ ಜಾಸ್ತಿ ಮುಂದಿದ್ದರು. ಈ ಆಟದಲ್ಲಿ ಅದು ಸಣ್ಣ ಅಂತರ ಅಲ್ಲವೇ ಅಲ್ಲ! ಆಮೇಲೆ 2009ರ ವಿಶ್ವ ಚಾಂಪಿಯನ್‌ಶಿಪ್, ಅಲ್ಲಿ ಆರು ಚಿನ್ನ ಗೆದ್ದರು. ಕೊನೆಗೆ 2012ರ ಲಂಡನ್ ಒಲಿಂಪಿಕ್ಸ್. ವೈಯಕ್ತಿಕ ಆಲ್‌ರೌಂಡ್‌ನಲ್ಲಿ (ಒಬ್ಬರೇ ಎಲ್ಲ ಸಾಧನಗಳಲ್ಲಿ ಗಳಿಸಿದ ಅಂಕ ಕೂಡಿಸುವ ಸ್ಪರ್ಧೆ) ಎರಡು ಒಲಿಂಪಿಕ್ ಚಿನ್ನ ಗೆದ್ದ ಮೊದಲಿಗರು ಇವರೇ, ಅದೇ ವರ್ಷದ ಕೊನೆಗೆ ನಿವೃತ್ತಿಯನ್ನೂ ಹೇಳಿಬಿಟ್ಟರು.

ರಿಬ್ಬನ್ ಬಂದಾಗ ಮೊಬೈಲ್ ಪಕ್ಕಕ್ಕಿಡಿ. 6 ಮೀಟರ್ ಉದ್ದದ ಪಟ್ಟಿ, ಗಂಟು ಬಿದ್ದರೆ ಅಂಕ ಹೋಯಿತು, ಅದಕ್ಕೇ ಮಣಿಕಟ್ಟು ಒಂದು ಕ್ಷಣವೂ ಸುಮ್ನೆ ಇರುವುದಿಲ್ಲ, ಮುಖದಲ್ಲಿ ಮಾತ್ರ ನಗು.

ಲಿಂಕ್ ಶನಿವಾರ ರಾತ್ರಿ ಇಲ್ಲೇ ಹಾಕುತ್ತೇನೆ. ಒಳಗೆ ಬಂದ ಮೇಲೆ ಮೈಕ್ ಆಫ್ ಮಾಡಿ, ಪ್ರಶ್ನೆ ಇದ್ದರೆ ಚಾಟ್‌ನಲ್ಲಿ ಬರೆಯಿರಿ. ಬರುವವರು ಶುಕ್ರವಾರದೊಳಗೆ ‘ಬರ್ತೀನಿ’ ಅಂತ ಹಾಕಿ. ಬರೀ ಹೆಬ್ಬೆರಳು ಒತ್ತಿದರೆ ನನಗೆ ಲೆಕ್ಕ ಸಿಗುವುದಿಲ್ಲ, ದಯವಿಟ್ಟು!