ತಲುಪ್ತೀನಾ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಮಗಳೇ,

ನಿನ್ನ ಕಾಗದದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಲಸ, ಬಾಡಿಗೆ ಮನೆ ಎಲ್ಲ ಓದಿದೆ. ಕೊನೆಯ ಸಾಲಿಗೆ ಬಂದು ನಿಂತುಬಿಟ್ಟೆ. "ಅಮ್ಮನಿಗೆ ಏನಾದ್ರೂ ಆದ್ರೆ ನಾನು ತಲುಪ್ತೀನಾ ಮಾವ?" ರಾತ್ರಿ ನಿದ್ದೆ ಬರಲಿಲ್ಲ. ಅವಳ ಆರೋಗ್ಯದ ಬಗ್ಗೆ ಬರೆಯಲ್ಲ, ದಿನಾ ಫೋನ್ ಮಾಡುತ್ತೀಯಲ್ಲ.

ಬೆಳಗ್ಗೆ ಮೊಮ್ಮಗನ ಗ್ಲೋಬ್ ಇಳಿಸಿ, ಬಾಳೆನಾರು ಸೀಳಿ, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಎಳೆದು ಹಿಡಿದೆ. ನಾರು ಜಾರಿ ಜಾರಿ ಉತ್ತರ ಧ್ರುವದ ಹತ್ತಿರ ಹೋಗಿ ಕೂತಿತು! 2021ರ ಜನವರಿಯಲ್ಲಿ ಏರ್ ಇಂಡಿಯಾದ ಹೆಣ್ಣುಮಕ್ಕಳು ಅದೇ ದಾರಿಯಲ್ಲಿ ವಿಮಾನ ತಂದಿದ್ದು ನೆನಪಾಯಿತು. 14,000 ಕಿ.ಮೀ. ಹತ್ತಿರ. ಗಂಟೆಗೆ 900ರಂತೆ ಹದಿನೈದೂವರೆ ಗಂಟೆ. ಏರೋದು, ಇಳಿಯೋದು, ಗಾಳಿ ಸೇರಿ 17 ಅನ್ನು. ನೇರ ವಿಮಾನ ಸಿಕ್ಕಿ ಸೋಮವಾರ ರಾತ್ರಿ 8ಕ್ಕೆ ಹತ್ತಿದರೆ ಬುಧವಾರ ಬೆಳಗಿನ ಜಾವ ಇಳಿಯುತ್ತೀಯ. ಎರಡು ರಾತ್ರಿ ಅಂತ ಹೆದರಬೇಡ, ಅದರಲ್ಲಿ ಹದಿಮೂರೂವರೆ ಗಂಟೆ ಬರೀ ಗಡಿಯಾರದ್ದು.

ಆದರೂ ತಲುಪ್ತೀಯಾ? ಅಲ್ಲೇ ಸಿಕ್ಕಿಕೊಳ್ಳುತ್ತೇನೆ.

1982ರಲ್ಲಿ ಅಸ್ಸಾಮಿನ ತೇಜ್‌ಪುರದಲ್ಲಿದ್ದಾಗ ನನಗೆ ತಂತಿ ಬಂದಿತ್ತು. ಗುವಾಹಟಿ, ಹೌರಾ, ಮದ್ರಾಸ್, ಮೈಸೂರು, ಆಮೇಲೆ ಬಸ್ಸು. ಕೊಡಗಿಗೆ ಆಗಲೂ ರೈಲಿಲ್ಲ, ಈಗಲೂ ಇಲ್ಲ. ಆರನೇ ದಿನ ಬಂದೆ. ಕಣದಲ್ಲಿ ಕಾಫಿ ಹರವಿತ್ತು. ನಿಮ್ಮಮ್ಮ ಒಬ್ಬಳೇ ಕಾಲಲ್ಲಿ ತಿರುವುತ್ತಿದ್ದಳು. ಅಂಚಿನಲ್ಲಿ ಅಜ್ಜನ ಚಪ್ಪಲಿ, ಬಿಟ್ಟ ಹಾಗೇ ಇತ್ತು.

ಇಷ್ಟು ನಿನಗೆ ಗೊತ್ತು. ಯಾರಿಗೂ ಹೇಳದ್ದು ಒಂದಿದೆ. ಅದರ ಹಿಂದಿನ ಪುತ್ತರಿ ಹಬ್ಬಕ್ಕೆ ನನಗೆ ರಜೆ ಸಿಕ್ಕಿತ್ತು. ಗೆಳೆಯರ ಜೊತೆ ಡಾರ್ಜಿಲಿಂಗ್‌ಗೆ ಹೋದೆ. ರಜೆ ಸಿಗಲಿಲ್ಲ ಅಂತ ಅಜ್ಜನಿಗೆ ಕಾಗದ ಹಾಕಿದೆ. ಆ ಆರು ದಿನಕ್ಕಿಂತ ಆ ಕಾಗದವೇ ಜಾಸ್ತಿ ಚುಚ್ಚುತ್ತೆ.

ಬುದ್ಧಿ ಹೇಳೋಕೆ ನಾನ್ಯಾರು, ಆದರೂ ಪಾಸ್‌ಪೋರ್ಟ್, ವೀಸಾದ ತಾರೀಕು ನೋಡಿಟ್ಟುಕೋ. ಮಧ್ಯೆ ವಿಮಾನ ಬದಲಿಸೋದಾದರೆ ಎರಡೂ ಒಂದೇ ಟಿಕೆಟ್‌ನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಅವರೇ ಮುಂದಿನದಕ್ಕೆ ಹತ್ತಿಸುತ್ತಾರೆ. ದೇವನಹಳ್ಳಿಯಿಂದ ವಿರಾಜಪೇಟೆಗೆ ಆರೇಳು ಗಂಟೆ. ಗಲ್ಫ್ ಮೇಲೆ ಕಣ್ಣೂರಿಗೆ ಬಂದರೆ ಮಾಕುಟ್ಟ ಘಾಟಿಯ ದಾರಿಯಲ್ಲಿ ಎರಡು ಗಂಟೆ ಸಾಕು. ಮಳೆಗಾಲದಲ್ಲಿ ಮಾತ್ರ ಆ ಘಾಟಿ ನಂಬಬೇಡ, 2018ರಲ್ಲಿ ಕುಸಿದಿದ್ದು ನೋಡಿದ್ದೇವಲ್ಲ.

ಎಷ್ಟು ಕೂಡಿ ಕಳೆದರೂ ಮನೆ ಬಾಗಿಲಿಗೆ ಒಂದೂವರೆ ದಿನ. ತಲುಪ್ತೀಯ ಅಂತ ಬರೆದುಬಿಡೋಣ ಅನಿಸಿತು, ಕೈ ಬರಲಿಲ್ಲ. ಪುತ್ತರಿಗೆ ಬಾ. ಆಗದಿದ್ದರೆ ಕಾಫಿ ಕುಯಿಲಿಗೆ. ಅವಳು ಚೆನ್ನಾಗಿರುವಾಗ ಸುಮ್ನೆ ಬಂದು ಹೋಗು. ರಜೆ ಕಷ್ಟ ಅಂತ ಗೊತ್ತು, ಬಯ್ಯಬೇಡ.

ಇಲ್ಲಿ ಸಂಜೆ ಆರೂವರೆ, ನಿನಗೆ ಬೆಳಗಿನ 5. ನಿಮ್ಮಮ್ಮ ಈಗಷ್ಟೇ ಹಾಲು ತಂದಿಟ್ಟು, "ಯಾರಿಗಣ್ಣ ಇಷ್ಟುದ್ದ ಬರೆಯೋದು?" ಅಂತ ಕೇಳಿದಳು. ಬ್ಯಾಂಕಿಗೆ ಅಂದೆ.

ನಿನ್ನ
ಮಾವ