ಚೂರು ತೆಗೆದರೆ ಕ್ಯಾನ್ಸರ್ ಹರಡುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಸಂಚಿಕೆಯ ಒಳಪುಟದಲ್ಲಿ ಒಂದು ಜಾಹೀರಾತು ಬರುತ್ತಿದೆ. ಬಾಯಿ ಹುಣ್ಣು, ಗಂಟು, ಗಡ್ಡೆ ಏನೇ ಇರಲಿ, ಬಯಾಪ್ಸಿ (ಪರೀಕ್ಷೆಗೆ ಚೂರು ತೆಗೆಯುವುದು) ಬೇಡ, ಆಪರೇಷನ್ ಬೇಡ, ಬೇರಿನ ಔಷಧದಲ್ಲೇ ಕ್ಯಾನ್ಸರ್ ವಾಸಿ ಅಂತ. ಕೆಳಗೆ ಸಣ್ಣ ಅಕ್ಷರದಲ್ಲಿ, ಬರುವಾಗ ರಿಪೋರ್ಟ್ ತರಬೇಕು ಅಂತಲೂ ಇದೆ. ಬಯಾಪ್ಸಿಯೇ ಬೇಡ ಅಂದ ಮೇಲೆ ಯಾವ ರಿಪೋರ್ಟ್ ತರುವುದು? ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಹೀಗೆ ಜಾಹೀರಾತು ಹಾಕುವುದಕ್ಕೆ 1954ರ ಕಾಯ್ದೆಯಲ್ಲೇ ತಡೆ ಇದೆ. ನಿಮ್ಮ ಜಾಹೀರಾತು ವಿಭಾಗದವರಿಗೆ ಒಂದು ಮಾತು ಹೇಳಿ.

ಬೇರಿನ ಔಷಧದ ಕಥೆ ಹಾಗಿರಲಿ. ನನಗೆ ಸಿಟ್ಟು ಬಂದಿದ್ದು ಬಯಾಪ್ಸಿ ಬೇಡ ಅನ್ನುವ ಮಾತಿಗೆ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಬಯಾಪ್ಸಿ ಚೂರುಗಳನ್ನು ಪರೀಕ್ಷೆಗೆ ಸಿದ್ಧ ಮಾಡುವುದೇ ನನ್ನ ಕೆಲಸವಾಗಿತ್ತು. ಡಬ್ಬಿ ತಂದುಕೊಟ್ಟ ಮನೆಯವರು ಕಿಟಕಿ ಹತ್ತಿರವೇ ನಿಂತು, ‘ಸಾರ್, ಇದು ತೆಗೆದಿದ್ದಕ್ಕೆ ಹರಡಂಗಿಲ್ಲ ಅಲ್ರೀ?’ ಎಂದು ಕೇಳುತ್ತಿದ್ದರು. ಗಂಟಿಗೆ ಕತ್ತಿ ತಾಗಿದರೆ ಕೆರಳುತ್ತದೆ ಎಂದು ಊರಲ್ಲಿ ಯಾರೋ ಹಿರಿಯರು ಹೇಳಿರುತ್ತಾರೆ. ಡಬ್ಬಿ ಜೊತೆ ಬರುವ ಚೀಟಿಯಲ್ಲಿ ತೊಂದರೆ ಯಾವಾಗಿಂದ ಅಂತ ಒಂದು ಸಾಲು ಇರುತ್ತದೆ. ಬಾಯಿ ಹುಣ್ಣಿನ ಚೀಟಿಗಳಲ್ಲಿ ಆ ಸಾಲಿನಲ್ಲಿ ದಿನಗಳ ಲೆಕ್ಕ ಇದ್ದಿದ್ದು ಕಮ್ಮಿ, ತಿಂಗಳ ಲೆಕ್ಕವೇ ಜಾಸ್ತಿ.

ಈ ಭಯ ಹುಟ್ಟುವುದು ಹೇಗೆ ಅಂತ ಅಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಹುಣ್ಣು ಕಾಣಿಸುತ್ತದೆ. ಮೊದಮೊದಲು ನೋವಿರುವುದಿಲ್ಲ, ಹಾಗಾಗಿ ಉಷ್ಣ ಅಂತ ಸುಮ್ನೆ ಇರುತ್ತಾರೆ. ಆಮೇಲೆ ಬಿ ಕಾಂಪ್ಲೆಕ್ಸ್ ಮಾತ್ರೆ, ಆಮೇಲೆ ಮುಲಾಮು. ಕೆನ್ನೆ ಊದಿ, ಕುತ್ತಿಗೆಯಲ್ಲಿ ಗಂಟು ಬಂದ ಮೇಲೆ ದೊಡ್ಡಾಸ್ಪತ್ರೆ. ಅಲ್ಲಿ ಚೂರು ತೆಗೆಯುತ್ತಾರೆ, ಕ್ಯಾನ್ಸರ್ ಅನ್ನುತ್ತಾರೆ, ಕೆಲವೇ ತಿಂಗಳಲ್ಲಿ ಮನುಷ್ಯ ಹೋಗುತ್ತಾನೆ. ಊರವರ ಕಣ್ಣಿಗೆ ಉಳಿಯುವುದು ಕೊನೆಯ ಎರಡೇ ಸಂಗತಿ: ಕತ್ತಿ ತಾಗಿತು, ಸತ್ತ. ಅದಕ್ಕೂ ಹಿಂದೆ ಕಳೆದ ಒಂದು ವರ್ಷ ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಆ ಚೂರು ಎಷ್ಟು ದೊಡ್ಡದು ಗೊತ್ತಾ? ಸಾಮಾನ್ಯವಾಗಿ ಒಂದು ತೊಗರಿ ಬೇಳೆಯಷ್ಟು. ಹುಣ್ಣಿನ ಅಂಚಿನಲ್ಲಿ ಜೋಮು ಬರುವ ಇಂಜೆಕ್ಷನ್ ಕೊಟ್ಟು ತೆಗೆಯುತ್ತಾರೆ. ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ನೆನೆದ ಚೂರನ್ನು ಆಮೇಲೆ ಕರಗಿಸಿದ ಮೇಣದಲ್ಲಿ ಕೂರಿಸಿ ಅಚ್ಚು ಮಾಡುತ್ತೇವೆ. ಇದೇ ಬ್ಲಾಕ್. ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಅದನ್ನು 4-5 ಮೈಕ್ರಾನ್ ದಪ್ಪಕ್ಕೆ ಹೆರೆಯಬೇಕು. ತಲೆಕೂದಲು ಅದಕ್ಕಿಂತ ಹತ್ತು ಪಟ್ಟಾದರೂ ದಪ್ಪ ಇರುತ್ತದೆ. ಹೆರೆದ ಪದರವನ್ನು ಬೆಚ್ಚಗಿನ ನೀರಿನ ಮೇಲೆ ಬಿಟ್ಟರೆ ಮುದುರು ಬಿಡಿಸಿಕೊಂಡು ತೇಲುತ್ತದೆ. ಉಸಿರು ಜೋರಾಗಿ ಬಿಟ್ಟರೂ ಮಡಚಿಕೊಳ್ಳುತ್ತದೆ, ಹೊಸಬರು ಇಲ್ಲೇ ಎಡವುವುದು. ಗಾಜಿನ ಸ್ಲೈಡಿಗೆ ಅದನ್ನು ಎತ್ತಿಕೊಂಡು ಬಣ್ಣ ಹಾಕಿದರೆ ಜೀವಕೋಶದ ನಡುವಿನ ಕೇಂದ್ರ ನೇರಳೆ, ಉಳಿದದ್ದು ಗುಲಾಬಿ.

ಆರೋಗ್ಯವಾಗಿರುವ ಬಾಯಿಯ ಚರ್ಮದಲ್ಲಿ ಜೀವಕೋಶಗಳು ಸಾಲಾಗಿ, ಪದರ ಪದರವಾಗಿ ಇರುತ್ತವೆ. ಕೆಳಗೆ ತೆಳುವಾದ ಒಂದು ಗಡಿ. ತಂಬಾಕು, ಗುಟ್ಕಾವನ್ನು ವರ್ಷಗಟ್ಟಲೆ ಕೆನ್ನೆಯಲ್ಲಿ ಇಟ್ಟುಕೊಂಡವರಲ್ಲಿ ಈ ಸಾಲು ಕೆಡುತ್ತದೆ. ಕೆಟ್ಟ ಜೀವಕೋಶವನ್ನು ತಡೆಯಬೇಕಾದ ಪಿ53 ಎಂಬ ಜೀನಿಗೇ ಪೆಟ್ಟು ಬಿದ್ದರೆ, ಸಾಯಬೇಕಾದ ಕೋಶ ಸಾಯದೆ ಒಂದು ಎರಡಾಗುತ್ತಾ ಹೋಗುತ್ತದೆ. ಹೊರಗೆ ಕಾಣುವುದು ಬರೀ ಬಿಳಿ ಮಚ್ಚೆ, ಇಲ್ಲ ಕೆಂಪು ಮಚ್ಚೆ. ಕೆಂಪಿನದ್ದು ಅಪಾಯ ಜಾಸ್ತಿ. ಕೆಟ್ಟ ಕೋಶಗಳು ಆ ಗಡಿ ದಾಟಿ ಕೆಳಕ್ಕೆ ಇಳಿದಿವೆಯೇ ಅನ್ನುವುದನ್ನೇ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಪೆಥಾಲಜಿ ಡಾಕ್ಟರು ಹುಡುಕುವುದು. ದಾಟಿದ್ದರೆ ಕ್ಯಾನ್ಸರ್. ಇದನ್ನು ಸ್ಕ್ಯಾನ್ ಹೇಳುವುದಿಲ್ಲ, ರಕ್ತ ಪರೀಕ್ಷೆಯೂ ಹೇಳುವುದಿಲ್ಲ. ಚೂರೇ ಹೇಳಬೇಕು.

ಅಡಿಕೆಯ ವಿಷಯ ಬರೆದರೆ ನಮ್ಮ ತಾಲ್ಲೂಕಿನವರೇ ನನ್ನ ಮೇಲೆ ಬೇಜಾರಾಗುತ್ತಾರೆ. ನಮ್ಮ ಮನೆಯ ಅನ್ನವೂ ಅದರದ್ದೇ. ಆದರೂ ತಂಬಾಕು ಸೇರಿಸದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಜಗಿಯುವವರ ಕೆನ್ನೆ ಒಳಗೆ ಬಿಗಿದುಕೊಂಡು ಬಾಯಿ ತೆರೆಯಲಾಗದಂತೆ ಆಗುವುದು ಅಡಿಕೆಯಿಂದಲೇ. ಮೂರು ಬೆರಳು ಉದ್ದಕ್ಕೆ ಜೋಡಿಸಿ ಬಾಯಿಗೆ ಹೋಗದಿದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಎರಡು ಮೂರು ವಾರದಲ್ಲಿ ಮಾಯದ ಹುಣ್ಣನ್ನೂ ಅಷ್ಟೇ. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡೂ ಒಂದೇ ಅಂಗಡಿಯಲ್ಲಿ. ಬೆರೆಸುವ ಕೆಲಸ ಗಿರಾಕಿಯದ್ದು.

ಇನ್ನು ಹರಡುವ ಮಾತು. ಬಾಯಿ ಕ್ಯಾನ್ಸರ್ ಮೊದಲು ಇಳಿಯುವುದು ಕುತ್ತಿಗೆಯ ಗ್ರಂಥಿಗಳಿಗೆ, ಅದೂ ಯಾರ ಕತ್ತಿಯನ್ನೂ ಕಾಯದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಬಾಯಿ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು, ಕುತ್ತಿಗೆಯಲ್ಲಿ ಗಂಟು ಇನ್ನೂ ಕಾಣದವರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹುಣ್ಣಿನ ಜೊತೆಗೇ ಕುತ್ತಿಗೆ ಗ್ರಂಥಿಗಳನ್ನೂ ತೆಗೆದರು. ಇನ್ನೊಂದು ಗುಂಪಿಗೆ ಗಂಟು ಕಾಣಿಸಿಕೊಂಡರೆ ಮಾತ್ರ ತೆಗೆದರು. ಮೂರು ವರ್ಷದ ಹೊತ್ತಿಗೆ ಬದುಕುಳಿದವರು ಮೊದಲ ಗುಂಪಿನಲ್ಲಿ ಶೇ 80, ಎರಡನೆಯದರಲ್ಲಿ ಶೇ 67.5. ಕತ್ತಿ ಬೇಗ ತಾಗಿದವರೇ ಜಾಸ್ತಿ ಉಳಿದರು, ಅಲ್ವಾ? ಆರಂಭದಲ್ಲೇ ಸಿಕ್ಕರೆ ಎಷ್ಟೋ ಜನರಿಗೆ ಆಪರೇಷನ್ ಒಂದರಲ್ಲೇ ಮುಗಿಯುತ್ತದೆ. ತಡವಾದರೆ ಅದರ ಮೇಲೆ ಆರು ವಾರದಷ್ಟು ರೇಡಿಯೇಷನ್, ಕೆಲವರಿಗೆ ಜೊತೆಗೆ ಕೀಮೋ.

ವೃಷಣದಂಥ ಕೆಲವು ಕಡೆ ಸೂಜಿ ಚುಚ್ಚಿ ಚೂರು ತೆಗೆಯುವುದಿಲ್ಲ, ನಿಜ. ಎಲ್ಲಿಂದ, ಹೇಗೆ ತೆಗೆಯಬೇಕು ಅನ್ನುವುದು ಡಾಕ್ಟರಿಗೆ ಗೊತ್ತಿರುತ್ತದೆ. ಆ ಕಾರಣಕ್ಕೆ ಬಾಯಿ ಹುಣ್ಣಿನ ಬಯಾಪ್ಸಿ ತಪ್ಪಿಸಿಕೊಳ್ಳುವುದು ಬೇಡ.

ಓದುಗರಿಗೆ ಇನ್ನೊಂದು ವಿಷಯ ಹೇಳಬೇಕು, ಇದು ಲ್ಯಾಬಿನವರನ್ನು ಬಿಟ್ಟು ಯಾರೂ ಹೇಳುವುದಿಲ್ಲ. ಇಲ್ಲಿ ಬಯಾಪ್ಸಿ ಆಗಿ ಬೆಂಗಳೂರಿನ ಕಿದ್ವಾಯಿಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗುವವರು ರಿಪೋರ್ಟ್ ಹಾಳೆಯೊಂದನ್ನೇ ಹಿಡಿದು ಹೊರಡಬೇಡಿ. ಅಲ್ಲಿನವರು ಸ್ಲೈಡನ್ನು ಇನ್ನೊಮ್ಮೆ ತಾವೇ ನೋಡುತ್ತಾರೆ. ಸ್ಲೈಡೂ ಬ್ಲಾಕೂ ಜೊತೆಗಿಲ್ಲದಿದ್ದರೆ ಮತ್ತೆ ಚೂರು ತೆಗೆಯಬೇಕಾಗಬಹುದು, ಇಲ್ಲ ಮನೆಯವರು ಬಸ್ ಹತ್ತಿ ವಾಪಸ್ ಊರಿಗೆ ಬರಬೇಕಾಗುತ್ತದೆ. ಲ್ಯಾಬಿನಲ್ಲಿ ಕೇಳಿ, ಸಹಿ ಮಾಡಿಸಿಕೊಂಡು ಕೊಡುತ್ತಾರೆ. ಬಿಪಿಎಲ್ ಕಾರ್ಡು, ಆಧಾರ್ ಕೂಡ ಜೊತೆಗಿರಲಿ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬ್ಲಾಕ್ ಮೇಣದ್ದು, ಬೇಸಿಗೆಯಲ್ಲಿ ಬಿಸಿಲು ಬೀಳುವ ಕಡೆ ಇಡಬೇಡಿ.

ಇತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಚನ್ನಗಿರಿ